ಹನ್ನಾ ಹೋಲ್ಬೋರ್ನ್ ಗ್ರೇ: ‘ಮೊದಲ ಮಹಿಳೆ’ ಎಂಬ ಮಾತು ಎಷ್ಟು ಸರಿ, ಶಿಕಾಗೋದ 15 ವರ್ಷಗಳನ್ನು ಹೇಗೆ ಅಳೆಯಬೇಕು?

ಪ್ರಶ್ನೆ – ಇತಿಹಾಸ ಅಧ್ಯಾಪಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಮಹಿಳಾ ಕಾಲೇಜಿನಲ್ಲಿ ಬಿ.ಎ. ವಿದ್ಯಾರ್ಥಿನಿಯರಿಗೆ ಯುರೋಪಿನ ಇತಿಹಾಸವನ್ನು ಪಾಠ ಮಾಡುತ್ತೇನೆ. ವಿಶ್ವವಿದ್ಯಾಲಯಗಳನ್ನು ಮುನ್ನಡೆಸಿದ ಹೆಣ್ಣುಮಕ್ಕಳ ಬಗ್ಗೆ ಒಂದು ಗಂಟೆಯ ಉಪನ್ಯಾಸ ಕೊಡಬೇಕೆಂದು ಕಾಲೇಜಿನವರು ಕೇಳಿದಾಗ, ಹತ್ತಾರು ಹೆಸರುಗಳನ್ನು ಪಟ್ಟಿ ಮಾಡುವುದಕ್ಕಿಂತ ಒಬ್ಬರ ಬದುಕನ್ನೇ ಹಿಡಿದು ಮಾತನಾಡುವುದು ಒಳ್ಳೆಯದೆನಿಸಿತು. ಹಾಗಾಗಿ 1978ರಿಂದ 1993ರವರೆಗೆ ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿದ್ದ ಹನ್ನಾ ಹೋಲ್ಬೋರ್ನ್ ಗ್ರೇ ಅವರನ್ನು ಆರಿಸಿಕೊಂಡೆ. ಅವರು ಪುನರುಜ್ಜೀವನ ಕಾಲದ ಮಾನವತಾವಾದಿಗಳ ಬಗ್ಗೆ ಸಂಶೋಧನೆ ಮಾಡಿದ ಇತಿಹಾಸಕಾರ್ತಿ ಎಂಬುದೂ, ನನ್ನ ವಿದ್ಯಾರ್ಥಿನಿಯರು ಓದುವ ಪಠ್ಯಕ್ಕೆ ಹತ್ತಿರದವರೆಂಬುದೂ ಇದಕ್ಕೆ ಕಾರಣ.

ಆದರೆ ಟಿಪ್ಪಣಿ ಮಾಡಿಕೊಳ್ಳುತ್ತಾ ಹೋದಂತೆ ಗೊಂದಲ ಹೆಚ್ಚಾಯಿತು. ಒಂದೆಡೆ ಅವರನ್ನು ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರ ಮೊದಲ ಮಹಿಳಾ ಅಧ್ಯಕ್ಷೆ ಎನ್ನುತ್ತಾರೆ. ಇನ್ನೊಂದೆಡೆ ಅವರಿಗಿಂತ ಮೊದಲೇ ಆ ಸ್ಥಾನದಲ್ಲಿದ್ದ ಹೆಂಗಸರ ಹೆಸರುಗಳು ಕಾಣಿಸುತ್ತವೆ. ಅವರ ಅವಧಿಯ ವಿಷಯದಲ್ಲಿಯೂ ಹೀಗೆಯೇ. ಖೋತಾ ಬಜೆಟ್ಟಿನಲ್ಲಿದ್ದ ಸಂಸ್ಥೆಯನ್ನು ಅವರು ಕಾಪಾಡಿದರು ಎಂದು ಕೆಲವರು ಬರೆದರೆ, ಹೆಸರಾಂತ ವಿಭಾಗಗಳು ಅವರ ಕಾಲದಲ್ಲಿಯೇ ಮುಚ್ಚಿದವು ಎಂದು ಬೇರೆಯವರು ಬರೆಯುತ್ತಾರೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನ್ಯಾಯವಾಗಿ ಮಾತನಾಡುವುದು ಹೇಗೆ? ಇನ್ನೊಂದು ಚಿಕ್ಕ ಸಂದೇಹವೂ ಇದೆ. ನಮ್ಮಲ್ಲಿ ಕುಲಪತಿ ಎಂದು ಕರೆಯುವ ಹುದ್ದೆಗೂ ಅಲ್ಲಿನ ಅಧ್ಯಕ್ಷ ಹುದ್ದೆಗೂ ವ್ಯತ್ಯಾಸವಿದೆಯೇ? ಕೇಳುವವರು 18–20 ವರ್ಷದ ಹುಡುಗಿಯರು. ಅವರಿಗೆ ಪೊಳ್ಳು ಹೊಗಳಿಕೆಯನ್ನು ಉಣಿಸಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ – ನಿವೃತ್ತ ಇತಿಹಾಸ ಪ್ರಾಧ್ಯಾಪಕ, ಮೈಸೂರು

ಮೇಡಂ ಅವರಿಗೆ ನಮಸ್ಕಾರ. ‘ಮೊದಲ’ ಎಂಬ ವಿಶೇಷಣದ ಬಗ್ಗೆ ನಿಮಗೆ ಬಂದಿರುವ ಅನುಮಾನ ಸರಿಯಾದದ್ದೇ, ಏಕೆಂದರೆ ಆ ಮಾತಿನ ಜೊತೆಗೆ ಎರಡು ಮೂರು ವಿಶೇಷಣಗಳನ್ನು ಸೇರಿಸದೆ ಅದು ನಿಲ್ಲುವುದಿಲ್ಲ. ಅಮೆರಿಕದ ಮಹಿಳಾ ಕಾಲೇಜುಗಳನ್ನು ಹೆಂಗಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆಸುತ್ತಿದ್ದರು. ವೆಲ್ಸ್ಲಿ ಕಾಲೇಜು 1875ರಲ್ಲಿ ಬಾಗಿಲು ತೆರೆದಾಗ ಏಡಾ ಹೊವರ್ಡ್ ಅದರ ಅಧ್ಯಕ್ಷೆಯಾಗಿದ್ದರು. ಬ್ರಿನ್ ಮಾರ್ ಕಾಲೇಜನ್ನು ಎಂ. ಕ್ಯಾರಿ ಥಾಮಸ್ 1894ರಿಂದ 1922ರವರೆಗೆ ಮುನ್ನಡೆಸಿದರು. ಗಂಡಸರೂ ಹೆಂಗಸರೂ ಒಟ್ಟಿಗೆ ಓದುವ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳ ಮಾತಿಗೆ ಬಂದರೂ, ಟೆಕ್ಸಾಸ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಆಸ್ಟಿನ್ ಆವರಣಕ್ಕೆ ಜೀವರಸಾಯನಶಾಸ್ತ್ರಜ್ಞೆ ಲೊರೀನ್ ರಾಜರ್ಸ್ 1974ರಲ್ಲಿ ಹಂಗಾಮಿಯಾಗಿಯೂ ಮರುವರ್ಷ ಪೂರ್ಣಾವಧಿಗೂ ಅಧ್ಯಕ್ಷೆಯಾಗಿ ನೇಮಕಗೊಂಡಿದ್ದರು. ಆದ್ದರಿಂದ ‘ಅಮೆರಿಕದ ಪ್ರಮುಖ ಖಾಸಗಿ ಸಂಶೋಧನಾ ವಿಶ್ವವಿದ್ಯಾಲಯವೊಂದಕ್ಕೆ ಪೂರ್ಣ ಅಧಿಕಾರದ ಅಧ್ಯಕ್ಷೆಯಾದ ಮೊದಲ ಮಹಿಳೆ’ ಎಂದು ಹೇಳಿದರೆ ನಿಮ್ಮ ವಾಕ್ಯ ಉದ್ದವಾದರೂ ಸತ್ಯವಾಗಿರುತ್ತದೆ.

ಆದರೆ ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿನಿಯರಿಗೆ ತೋರಿಸಬೇಕಾದದ್ದು ಅವರು ಅಲ್ಲಿಗೆ ತಲುಪಿದ ದಾರಿಯನ್ನು. ಗ್ರೇ ಹುಟ್ಟಿದ್ದು 1930ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ತಂದೆ ಹಾಯೋ ಹೋಲ್ಬೋರ್ನ್ ಹೆಸರಾಂತ ಇತಿಹಾಸಕಾರರು. ತಾಯಿ ಯೆಹೂದಿ ಮನೆತನದವರು, ಅವರೂ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದವರು. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ತಂದೆ ಕೆಲಸ ಕಳೆದುಕೊಂಡರು. ಕುಟುಂಬ ಇಂಗ್ಲೆಂಡಿನ ಮೂಲಕ ಅಮೆರಿಕಕ್ಕೆ ಹೋಯಿತು. ತಂದೆ ಯೇಲ್‌ನಲ್ಲಿ ಪ್ರಾಧ್ಯಾಪಕರಾದರು. ವಿಶ್ವವಿದ್ಯಾಲಯಗಳು ರಾಜಕೀಯಕ್ಕೆ ಶರಣಾದಾಗ ವಿದ್ವಾಂಸರಿಗೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ದಿನನಿತ್ಯದ ನೆನಪಾಗಿತ್ತು. ಮುಂದೆ ಅಧ್ಯಕ್ಷೆಯಾಗಿ ಅವರು ತಳೆದ ಹಲವು ನಿಲುವುಗಳ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ.

ಹುಡುಗಿ ಹದಿನೈದನೆಯ ವಯಸ್ಸಿಗೇ ಬ್ರಿನ್ ಮಾರ್ ಸೇರಿ 1950ರಲ್ಲಿ ಪದವಿ ಪಡೆದಳು. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್, ಆಮೇಲೆ ಹಾರ್ವರ್ಡ್, 1957ರಲ್ಲಿ ಡಾಕ್ಟರೇಟ್. ಹಾರ್ವರ್ಡ್‌ನಲ್ಲಿಯೇ ಅವರು ಪಾಠ ಮಾಡಲು ಆರಂಭಿಸಿದ ಕಾಲಕ್ಕೆ ಅಲ್ಲಿನ ಅಧ್ಯಾಪಕರ ಕ್ಲಬ್ಬಿನ ಮುಂಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ, ಅವರು ಪಕ್ಕದ ಬಾಗಿಲಿನಿಂದ ಒಳಗೆ ಹೋಗಬೇಕಾಗಿತ್ತು. ಅಲ್ಲಿನ ಲ್ಯಾಮಂಟ್ ಗ್ರಂಥಾಲಯ 1967ರವರೆಗೂ ಹೆಂಗಸರನ್ನು ಒಳಗೆ ಬಿಡಲಿಲ್ಲ. ಇದೇ ಗ್ರೇ ದಶಕಗಳ ನಂತರ, 1997ರಲ್ಲಿ, ಹಾರ್ವರ್ಡಿನ ಪರಮೋಚ್ಚ ಆಡಳಿತ ಮಂಡಳಿಯ ಸದಸ್ಯೆಯಾದರು ಎಂಬುದನ್ನು ಆ ಬಾಗಿಲಿನ ಸಂಗತಿಯ ಜೊತೆಗೇ ಹೇಳಿ.

ಅವರು 1960ರಲ್ಲಿ ಶಿಕಾಗೋಗೆ ಹೋದದ್ದು ತಮ್ಮ ನೇಮಕದಿಂದಲ್ಲ. ಪತಿ, ಇಂಗ್ಲೆಂಡಿನ ಕಾನೂನಿನ ಇತಿಹಾಸಕಾರ ಚಾರ್ಲ್ಸ್ ಗ್ರೇ ಅವರಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಮೊದಲ ವರ್ಷ ಅವರು ನ್ಯೂಬೆರಿ ಗ್ರಂಥಾಲಯದಲ್ಲಿ ಸಂಶೋಧನೆ ಮಾಡಿಕೊಂಡಿದ್ದು, 1961ರಲ್ಲಿ ಸಹಾಯಕ ಪ್ರಾಧ್ಯಾಪಕಿಯಾದರು, 1964ರಲ್ಲಿ ಕಾಯಂ ಆದರು. ಗಂಡ ಹೆಂಡತಿ ಇಬ್ಬರಿಗೂ ಒಂದೇ ವಿಶ್ವವಿದ್ಯಾಲಯದಲ್ಲಿ ಸಂಬಳದ ಹುದ್ದೆ ಕೊಡಬಾರದೆಂಬ ರೂಢಿ ಅಮೆರಿಕದಲ್ಲಿ ಎಷ್ಟು ಬಲವಾಗಿತ್ತೆಂಬುದಕ್ಕೆ ಅದೇ ಶಿಕಾಗೋದಲ್ಲಿ ಸ್ವಲ್ಪ ಮೊದಲು ನಡೆದ ಒಂದು ಪ್ರಸಂಗವನ್ನು ನೆನೆಯಬಹುದು. ಭೌತವಿಜ್ಞಾನಿ ಮರಿಯಾ ಗೋಪರ್ಟ್ ಮೇಯರ್ ಅಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದ ಪ್ರಾಧ್ಯಾಪಕಿಯಾಗಿದ್ದರು. ಪೂರ್ಣ ವೇತನದ ಹುದ್ದೆಗಾಗಿ 1960ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದರು. ಶಿಕಾಗೋದಲ್ಲಿ ಮಾಡಿದ ಕೆಲಸಕ್ಕಾಗಿ 1963ರಲ್ಲಿ ನೊಬೆಲ್ ಪಡೆದರು. ಮೇಯರ್ ಹೊರಟ ವರ್ಷವೇ ಗ್ರೇ ಆ ಊರಿಗೆ ಬಂದರು.

ಅವರ ಪಾಂಡಿತ್ಯದ ಬಗ್ಗೆ ಒಂದು ಮಾತು. ಅವರು 1963ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಪುನರುಜ್ಜೀವನದ ಅಧ್ಯಯನದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಇಟಲಿಯ ಮಾನವತಾವಾದಿಗಳನ್ನು ಒಂದುಗೂಡಿಸಿದ್ದು ಯಾವುದೋ ಒಂದು ತತ್ತ್ವಸಿದ್ಧಾಂತವಲ್ಲ, ವಾಗ್ಮಿತೆಯ ಬಗ್ಗೆ ಅವರಿಗಿದ್ದ ಶ್ರದ್ಧೆ, ಅಂದರೆ ಜ್ಞಾನವು ಜನರನ್ನು ಒಪ್ಪಿಸುವ ಮಾತಾಗಿ ಹೊರಬರಬೇಕೆಂಬ ನಂಬಿಕೆ ಎಂಬುದು ಅದರ ವಾದ. ನಿಮ್ಮ ಪಾಠಕ್ಕೆ ಇದು ನೇರವಾಗಿ ಒದಗುತ್ತದೆ.

ಆಡಳಿತಕ್ಕೆ ಅವರನ್ನು ಎಳೆದದ್ದು 1969ರ ಬಿಕ್ಕಟ್ಟು. ಸಮಾಜಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ ಮಾರ್ಲೀನ್ ಡಿಕ್ಸನ್ ಅವರ ನೇಮಕವನ್ನು ಮುಂದುವರಿಸದಿರುವ ತೀರ್ಮಾನವನ್ನು ವಿರೋಧಿಸಿ ವಿದ್ಯಾರ್ಥಿಗಳು ಆಡಳಿತ ಕಚೇರಿಯಲ್ಲಿ ಧರಣಿ ಕುಳಿತರು. ಆ ತೀರ್ಮಾನವನ್ನು ಪರಿಶೀಲಿಸುವ ಸಮಿತಿಗೆ ಗ್ರೇ ಅಧ್ಯಕ್ಷೆ. ತೀರ್ಮಾನ ಕ್ರಮಬದ್ಧವಾಗಿದೆಯೆಂದೂ, ಆದರೂ ಒಂದು ವರ್ಷದ ಮಟ್ಟಿಗೆ ನೇಮಕ ಕೊಡಬಹುದೆಂದೂ ಸಮಿತಿ ಹೇಳಿತು. ಡಿಕ್ಸನ್ ಅದನ್ನು ಒಪ್ಪಿಕೊಳ್ಳಲಿಲ್ಲ. ಧರಣಿ ಕುಳಿತವರಿಗೆ ಆ ವರದಿ ಹಿಡಿಸಲಿಲ್ಲ, ಆದರೆ ಒತ್ತಡದ ನಡುವೆ ಕಡತ ಓದಿ ಕಾರಣ ಸಹಿತ ಬರೆಯಬಲ್ಲವರು ಎಂದು ಗ್ರೇ ಹೆಸರಾದರು. ಅಲ್ಲಿಂದ ಮುಂದೆ ಮೆಟ್ಟಿಲುಗಳು ಬೇಗ ಬೇಗ ಬಂದವು: 1971ರಲ್ಲಿ ಯೇಲ್‌ನ ಆಡಳಿತ ಮಂಡಳಿಗೆ ಆಯ್ಕೆಯಾದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರು, 1972ರಲ್ಲಿ ನಾರ್ತ್‌ವೆಸ್ಟರ್ನ್‌ನಲ್ಲಿ ಡೀನ್, 1974ರಲ್ಲಿ ಯೇಲ್‌ನ ಪ್ರೊವೋಸ್ಟ್. ಪ್ರೊವೋಸ್ಟ್ ಎಂದರೆ ಶೈಕ್ಷಣಿಕ ವ್ಯವಹಾರ ಮತ್ತು ಬಜೆಟ್ ಎರಡನ್ನೂ ನೋಡಿಕೊಳ್ಳುವ ಎರಡನೆಯ ಸ್ಥಾನ. ಯೇಲ್‌ನ ಅಧ್ಯಕ್ಷ ಕಿಂಗ್‌ಮನ್ ಬ್ರೂಸ್ಟರ್ 1977ರಲ್ಲಿ ಬ್ರಿಟನ್ನಿಗೆ ರಾಯಭಾರಿಯಾಗಿ ಹೋದಾಗ ಗ್ರೇ ಹಂಗಾಮಿ ಅಧ್ಯಕ್ಷೆಯಾದರು. ಆ ಶರತ್ಕಾಲದಲ್ಲಿಯೇ ನೌಕರರ ಸುದೀರ್ಘ ಮುಷ್ಕರವೂ ಎದುರಾಯಿತು. ಪೂರ್ಣಾವಧಿಯ ಹುದ್ದೆ ಮಾತ್ರ ಅಲ್ಲಿ ಬಾರ್ಟ್‌ಲೆಟ್ ಜಿಯಾಮಾಟಿ ಅವರ ಪಾಲಾಯಿತು. ಗ್ರೇ ಶಿಕಾಗೋಗೆ ಹತ್ತನೆಯ ಅಧ್ಯಕ್ಷೆಯಾಗಿ ಮರಳಿದರು. ಯೇಲ್ ಹಂಗಾಮಿಯಲ್ಲದ ಮಹಿಳಾ ಅಧ್ಯಕ್ಷರನ್ನು ಕಂಡದ್ದು 2024ರಲ್ಲಿ. ಹಂಗಾಮಿ ಎಂಬ ಪದದ ತೂಕವನ್ನು ನಮ್ಮ ಕಾಲೇಜುಗಳಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಾಗಿಲ್ಲ.

ಉತ್ತರ – ಹಿಂದೆ ಶಿಕಾಗೋದಲ್ಲಿ ಸಂಶೋಧನೆ ಮಾಡಿದವರು, ಶಿವಮೊಗ್ಗ

ಮೈಸೂರಿನ ಪ್ರಾಧ್ಯಾಪಕರು ಬರೆದದ್ದನ್ನು ಓದಿ ಸಂತೋಷವಾಯಿತು. ನಾನು 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ವಿದ್ಯಾರ್ಥಿಯಾಗಿದ್ದೆ. ಅಧ್ಯಕ್ಷೆಯನ್ನು ಸಭೆ ಸಮಾರಂಭಗಳಲ್ಲಿ ದೂರದಿಂದ ನೋಡಿದ್ದೆನೇ ಹೊರತು ಪರಿಚಯವೇನೂ ಇರಲಿಲ್ಲ. ಆದರೂ ಅವರ ಆಡಳಿತ ನಮ್ಮಂಥ ಸಾಮಾನ್ಯ ವಿದ್ಯಾರ್ಥಿಗಳ ದಿನಚರಿಯನ್ನು ಹೇಗೆ ಮುಟ್ಟಿತು ಎಂಬುದನ್ನು ಹೇಳಬಲ್ಲೆ.

ಆ ಕಾಲದ ಹಿನ್ನೆಲೆಯನ್ನು ಮೊದಲು ಗಮನಿಸಬೇಕು. ಅಮೆರಿಕದಲ್ಲಿ 1970ರ ದಶಕದ ಹಣದುಬ್ಬರ ದತ್ತಿನಿಧಿಯ ಆದಾಯವನ್ನು ತಿಂದುಹಾಕಿತ್ತು. ತೈಲದ ಬೆಲೆ ಏರಿ, ಶಿಕಾಗೋದಂಥ ಕಡು ಚಳಿಯ ಊರಿನಲ್ಲಿ ಹಳೆಯ ಕಲ್ಲಿನ ಕಟ್ಟಡಗಳನ್ನು ಬೆಚ್ಚಗಿಡುವುದೇ ದುಬಾರಿಯಾಗಿತ್ತು. ಡಾಕ್ಟರೇಟ್ ಮುಗಿಸಿದವರಿಗೆ ಅಧ್ಯಾಪಕ ಹುದ್ದೆಗಳು ಸಿಗದೆ ಸಂಶೋಧನೆಗೆ ಬರುವವರ ಸಂಖ್ಯೆ ಇಳಿಯುತ್ತಿತ್ತು. ಶಿಕಾಗೋ ಮೊದಲಿನಿಂದಲೂ ಸಂಶೋಧನಾ ವಿದ್ಯಾರ್ಥಿಗಳನ್ನೇ ನೆಚ್ಚಿಕೊಂಡ ಸಂಸ್ಥೆಯಾದ್ದರಿಂದ ಅದಕ್ಕೆ ಈ ಪೆಟ್ಟು ಬೇರೆಯವರಿಗಿಂತ ಜೋರಾಗಿ ಬಿತ್ತು. ಗ್ರೇ ಅಧಿಕಾರ ವಹಿಸಿಕೊಂಡಾಗ ವಿಶ್ವವಿದ್ಯಾಲಯ ಖರ್ಚಿಗೆ ಸಾಲದ ಆದಾಯದಲ್ಲಿ ನಡೆಯುತ್ತಿತ್ತು. ಅವರು ಬಜೆಟ್ಟನ್ನು ಬಿಗಿ ಮಾಡಿದರು, ದೊಡ್ಡ ನಿಧಿಸಂಗ್ರಹಕ್ಕೆ ಕೈಹಾಕಿದರು, ಪದವಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಮೆಲ್ಲಮೆಲ್ಲನೆ ಹೆಚ್ಚಿಸಿದರು.

ನಮ್ಮ ಮಟ್ಟಿಗೆ ಮುಖ್ಯವಾದದ್ದು 1982ರ ಬೇಕರ್ ವರದಿ. ಫ್ರಾನ್ಸಿನ ಇತಿಹಾಸವನ್ನು ಅಧ್ಯಯನ ಮಾಡುತ್ತಿದ್ದ ಇತಿಹಾಸಕಾರ ಕೀತ್ ಬೇಕರ್ ಅವರ ನೇತೃತ್ವದ ಆಯೋಗ ಡಾಕ್ಟರೇಟ್ ಶಿಕ್ಷಣವನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿ, ತರಗತಿಗಳನ್ನು ಮುಗಿಸಿದ ಮೇಲೆ ವಿದ್ಯಾರ್ಥಿ ಒಂಟಿಯಾಗಿ ಬಳಲುವುದೇ ದೊಡ್ಡ ಕೊರತೆ ಎಂದು ಕಂಡುಕೊಂಡಿತು. ಅದರಿಂದ ಹುಟ್ಟಿದ್ದು ಕಾರ್ಯಾಗಾರಗಳ ಪದ್ಧತಿ. ಬರೆಯುತ್ತಿರುವ ಪ್ರಬಂಧದ ಒಂದು ಅಧ್ಯಾಯವನ್ನು ಮುಂಚಿತವಾಗಿ ಎಲ್ಲರಿಗೂ ಹಂಚಬೇಕು. ಪ್ರಾಧ್ಯಾಪಕರೂ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳೂ ಒಂದೇ ಮೇಜಿನ ಸುತ್ತ ಕುಳಿತು ಅದನ್ನು ಬಿಡಿಸಿ ನೋಡುತ್ತಾರೆ. ನನ್ನ ಅರೆಬೆಂದ ಅಧ್ಯಾಯವೊಂದನ್ನು ಹಾಗೆ ಮುಂದಿಟ್ಟ ಸಂಜೆ ನನ್ನ ಗಂಟಲು ಒಣಗಿತ್ತು. ಆದರೆ ಆ ಪ್ರಬಂಧ ಮುಗಿದದ್ದು ಆ ಸಂಜೆಯ ದೆಸೆಯಿಂದಲೇ. ಹಣವಿಲ್ಲದ ಕಾಲದಲ್ಲಿ ಕಟ್ಟಡಕ್ಕಿಂತ ಪದ್ಧತಿಯನ್ನು ಕಟ್ಟುವುದು ಅಗ್ಗವೂ ಹೌದು, ಬಾಳಿಕೆ ಬರುವಂಥದ್ದೂ ಹೌದು. ಆ ಕಾರ್ಯಾಗಾರಗಳು ಗ್ರೇ ಅವರ ಕಾಲದ ಅತ್ಯಂತ ದೊಡ್ಡ ಕೊಡುಗೆ ಎಂದು ನಾನು ಭಾವಿಸುತ್ತೇನೆ. ಕಟ್ಟಡಗಳೂ ಆದವು, ವಿಜ್ಞಾನಕ್ಕೆ ಮೀಸಲಾದ ಜಾನ್ ಕ್ರೆರಾರ್ ಗ್ರಂಥಾಲಯ 1984ರಲ್ಲಿ ಆವರಣದೊಳಗೆ ತೆರೆಯಿತು.

ಕನ್ನಡಿಗರಿಗೆ ಆ ವರ್ಷಗಳು ಬೇರೊಂದು ಕಾರಣಕ್ಕೂ ಆಪ್ತವಾಗಿವೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ವಚನಗಳನ್ನು ಇಂಗ್ಲಿಷಿಗೆ ತಂದ ಕವಿಗೆ 1983ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಬಂದಿತು. ಅದೇ ವರ್ಷ ಅಲ್ಲಿನ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ನೊಬೆಲ್ ಬಂದಿತು. ಭಾರತದ ವಿದ್ಯಾರ್ಥಿಗಳಾದ ನಮಗೆ ಅದು ಹಬ್ಬದ ವರ್ಷವಾಗಿತ್ತು. ಬೇಡಿಕೆ ಕಡಿಮೆಯಿರುವ ಭಾಷೆಗಳ ಪಾಠವನ್ನು ಉಳಿಸಿಕೊಳ್ಳುವುದು ಬಿಗಿ ಬಜೆಟ್ಟಿನ ಕಾಲದಲ್ಲಿ ಸುಲಭದ ನಿರ್ಧಾರವಲ್ಲ. ಆ ವರ್ಷಗಳನ್ನು ದಕ್ಷಿಣ ಏಷ್ಯಾ ವಿಭಾಗ ದಾಟಿ ಬಂದಿತು ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಗ್ರೇ ಅಧಿಕಾರ ಬಿಟ್ಟ 1993ರ ಬೇಸಿಗೆಯಲ್ಲಿಯೇ, ಜುಲೈ 13ರಂದು, ರಾಮಾನುಜನ್ ತೀರಿಕೊಂಡರು.

ಉತ್ತರ – ಗ್ರಂಥಪಾಲಕಿ, ಬೆಂಗಳೂರು

ಶಿವಮೊಗ್ಗದ ಸರ್ ಅವರ ಮಾತಿನಲ್ಲಿ ಸತ್ಯವಿದೆ, ಆದರೆ ಉಳಿದುಕೊಂಡ ವಿಭಾಗದಲ್ಲಿ ಓದಿದವರ ನೆನಪಿಗೂ ಮುಚ್ಚಿಹೋದ ವಿಭಾಗದಲ್ಲಿ ಓದಿದವರ ನೆನಪಿಗೂ ಅಂತರವಿರುತ್ತದೆ. ನಾನು ಗ್ರಂಥಾಲಯ ವಿಜ್ಞಾನ ಕಲಿತವಳು. ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ ಕಾರಣ ಈ ಊರಿನಲ್ಲಿ ನಮ್ಮ ವಿಷಯಕ್ಕೆ ಒಂದು ಪರಂಪರೆಯಿದೆ. ನಾವು ಓದುವಾಗ ಶಿಕಾಗೋದ ಗ್ರಂಥಾಲಯ ಶಾಲೆಯ ಹೆಸರನ್ನು ಗೌರವದಿಂದ ಕೇಳುತ್ತಿದ್ದೆವು, ಏಕೆಂದರೆ ಗ್ರಂಥಾಲಯ ವಿಜ್ಞಾನದಲ್ಲಿ ಡಾಕ್ಟರೇಟ್ ಕೊಡಲು ಆರಂಭಿಸಿದ ಮೊದಲ ಶಾಲೆ ಅದು. ಪಿಯರ್ಸ್ ಬಟ್ಲರ್, ಡಗ್ಲಸ್ ವೇಪಲ್ಸ್ ಅಂಥವರು ಪಾಠ ಮಾಡಿದ ಜಾಗ. ಪುಸ್ತಕ ಜೋಡಿಸುವ ಕಸುಬನ್ನು ಓದುಗ ಸಮಾಜದ ಅಧ್ಯಯನವಾಗಿ ಬೆಳೆಸಿದ್ದು ಅವರೇ. ಆ ಶಾಲೆಯನ್ನು 1980ರ ದಶಕದ ಕೊನೆಯಲ್ಲಿ, ಗ್ರೇ ಅವರ ಅವಧಿಯಲ್ಲಿ, ಮುಚ್ಚಲಾಯಿತು. ಅದಕ್ಕೆ ಮೊದಲು, 1986ರಲ್ಲಿ, ಭೂಗೋಳ ವಿಭಾಗವನ್ನು ವಿಭಾಗದ ಸ್ಥಾನದಿಂದ ಇಳಿಸಿ ಒಂದು ಸಮಿತಿಯನ್ನಾಗಿ ಮಾಡಿದ್ದರು. ಅದು 1903ರಲ್ಲಿ ಹುಟ್ಟಿದ, ಅಮೆರಿಕದಲ್ಲಿ ಸ್ನಾತಕೋತ್ತರ ಮಟ್ಟದ ಮೊದಲ ಭೂಗೋಳ ವಿಭಾಗ.

ಇವುಗಳನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದು ನನಗೆ ಗೊತ್ತು. ಅಲ್ಲಿ ಅಧ್ಯಾಪಕರ ಸಮಿತಿಗಳಿವೆ, ಡೀನ್‌ಗಳಿದ್ದಾರೆ. ಗ್ರಂಥಾಲಯ ಶಾಲೆಗಳು ಅದೇ ದಶಕದಲ್ಲಿ ಬೇರೆ ವಿಶ್ವವಿದ್ಯಾಲಯಗಳಲ್ಲಿಯೂ ಮುಚ್ಚಿದವು. ಆದರೂ ಹಣದ ಶಿಸ್ತನ್ನು ಅಧ್ಯಕ್ಷೆಯ ಲೆಕ್ಕಕ್ಕೆ ಬರೆಯುವುದಾದರೆ ಅದರ ಬೆಲೆಯನ್ನೂ ಅದೇ ಲೆಕ್ಕಕ್ಕೆ ಬರೆಯಬೇಕು. ಸಣ್ಣ ವಿಭಾಗಗಳಿಗೆ ಪ್ರಭಾವಿ ಹಳೆಯ ವಿದ್ಯಾರ್ಥಿಗಳಿರುವುದಿಲ್ಲ, ದಾನಿಗಳಿರುವುದಿಲ್ಲ. ಕತ್ತರಿ ಹಿಡಿದವರು ಎಷ್ಟೇ ನ್ಯಾಯವಂತರಾಗಿದ್ದರೂ ಅದು ಮೊದಲು ತಾಗುವುದು ಇಂಥ ವಿಭಾಗಗಳಿಗೇ. ಹಾಗೆಂದು ನನಗೆ ಆ ವಿಶ್ವವಿದ್ಯಾಲಯದ ಬಗ್ಗೆ ಅಸಡ್ಡೆಯಿಲ್ಲ. ಅಮೆರಿಕ ಭಾರತಕ್ಕೆ ಕೊಟ್ಟ ಗೋಧಿಯ ಬೆಲೆಯನ್ನು ರೂಪಾಯಿಯಲ್ಲಿ ಪಡೆದು, ಆ ಹಣದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳಿಸುವ ಯೋಜನೆಯೊಂದು 1960ರ ದಶಕದಲ್ಲಿ ಆರಂಭವಾಗಿತ್ತು. ಅದರ ಮೂಲಕ ಶಿಕಾಗೋ ಸೇರಿದ ಕನ್ನಡ ಪುಸ್ತಕಗಳಲ್ಲಿ ಕೆಲವು ಇಂದು ಇಲ್ಲಿ ನಮಗೆ ಸಿಗುವುದೇ ಕಷ್ಟ.

ಎರಡನೆಯ ಸಂಗತಿ ದಕ್ಷಿಣ ಆಫ್ರಿಕದ್ದು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿ ವ್ಯವಹರಿಸುವ ಕಂಪನಿಗಳ ಷೇರುಗಳನ್ನು ಮಾರಿಬಿಡಬೇಕೆಂದು 1980ರ ದಶಕದಲ್ಲಿ ವಿದ್ಯಾರ್ಥಿಗಳು ಎಲ್ಲೆಡೆ ಒತ್ತಾಯಿಸಿದರು. ಕೊಲಂಬಿಯ 1985ರಲ್ಲಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1986ರಲ್ಲಿ ಅದಕ್ಕೆ ಒಪ್ಪಿದವು. ಶಿಕಾಗೋ ಒಪ್ಪಲೇ ಇಲ್ಲ. ಕಾನೂನು ಪ್ರಾಧ್ಯಾಪಕ ಹ್ಯಾರಿ ಕ್ಯಾಲ್ವೆನ್ ಅವರ ನೇತೃತ್ವದ ಸಮಿತಿ 1967ರಲ್ಲಿ ಕೊಟ್ಟ ವರದಿಯನ್ನು ಗ್ರೇ ಆಧಾರವಾಗಿ ಹಿಡಿದರು. ಸಂಸ್ಥೆಯೊಳಗಿನ ವ್ಯಕ್ತಿಗಳು ಏನು ಬೇಕಾದರೂ ಹೇಳಲಿ, ಸಂಸ್ಥೆ ಮಾತ್ರ ರಾಜಕೀಯ ವಿಷಯಗಳಲ್ಲಿ ಒಟ್ಟು ನಿಲುವು ತಳೆಯಬಾರದು, ತಳೆದರೆ ಅದನ್ನು ಒಪ್ಪದವರ ಸ್ವಾತಂತ್ರ್ಯ ಕುಗ್ಗುತ್ತದೆ ಎಂಬುದು ಆ ವರದಿಯ ಸಾರ. ಅವರು ಅಧಿಕಾರಕ್ಕೆ ಬಂದ ಮೊದಲ ವರ್ಷದಲ್ಲಿಯೇ, 1979ರ ಮೇ ತಿಂಗಳಲ್ಲಿ, ವಿಯೆಟ್ನಾಂ ಯುದ್ಧಕಾಲದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾ ಅವರಿಗೆ ವಿಶ್ವವಿದ್ಯಾಲಯ ಪ್ರಶಸ್ತಿ ಕೊಟ್ಟಾಗಲೂ ದೊಡ್ಡ ಪ್ರತಿಭಟನೆಯಾಗಿತ್ತು. ಪ್ರಶಸ್ತಿ ಕೊಡುವುದು ನಿಲುವಲ್ಲವೇ ಎಂದು ಆಗ ಕೇಳಿದವರ ಪ್ರಶ್ನೆ ನನಗೆ ಇಂದಿಗೂ ನ್ಯಾಯವಾದದ್ದೆಂದೇ ತೋರುತ್ತದೆ. ನಾನು ಗ್ರೇ ಅವರನ್ನು ಗೌರವಿಸುತ್ತೇನೆ, ಆದರೆ ಈ ಒಂದು ವಿಷಯದಲ್ಲಿ ಅವರು ತಪ್ಪಿದರು ಎಂದು ವಿದ್ಯಾರ್ಥಿನಿಯರ ಮುಂದೆ ಹೇಳಲು ಹಿಂಜರಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ – ಧಾರವಾಡ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬೆಂಗಳೂರಿನ ಮೇಡಂ ಅವರ ಬರಹ ಓದಿದ ಮೇಲೆ ನನ್ನ ಟಿಪ್ಪಣಿಯನ್ನು ಅರ್ಧದಷ್ಟು ತಿದ್ದಿದೆ. ಕ್ಯಾಲ್ವೆನ್ ವರದಿಯ ಸಂಗತಿಯನ್ನು ನಾನು ಪೂರ್ತಿ ಬಿಟ್ಟುಬಿಟ್ಟಿದ್ದೆ. ಬಹುಶಃ ತರಗತಿಯಲ್ಲಿ ಅದರ ಮೇಲೆಯೇ ಚರ್ಚೆ ನಡೆಸಬಹುದು: ತಂದೆ ವಿಶ್ವವಿದ್ಯಾಲಯದಿಂದ ಹೊರದೂಡಲ್ಪಟ್ಟದ್ದನ್ನು ಕಂಡ ಮಗಳು ಸಂಸ್ಥೆಯನ್ನು ರಾಜಕೀಯದಿಂದ ದೂರವಿಡಲು ಬಯಸಿದ್ದು ಸಹಜವೇ, ಅಥವಾ ಅದೇ ಅನುಭವ ಅವರನ್ನು ಜನಾಂಗದ್ವೇಷದ ವಿರುದ್ಧ ಸಂಸ್ಥೆಯ ಹೆಸರಿನಲ್ಲಿಯೇ ಮಾತನಾಡುವಂತೆ ಮಾಡಬೇಕಾಗಿತ್ತೇ? ನನಗೆ ಉತ್ತರ ಗೊತ್ತಿಲ್ಲ, ಆದರೆ ಹುಡುಗಿಯರು ಇದನ್ನು ಹಿಡಿದು ಮಾತನಾಡುತ್ತಾರೆಂಬ ಭರವಸೆಯಿದೆ.

ಇನ್ನೊಂದು ವಿಷಯದಲ್ಲಿ ನೆರವು ಬೇಕು. ಉಪನ್ಯಾಸದ ಸುದ್ದಿ ಕೇಳಿದ ಸಹೋದ್ಯೋಗಿಯೊಬ್ಬರು, ನಮ್ಮ ಹಂಸಾ ಮೆಹ್ತಾ ಅವರು ಇವರಿಗಿಂತ ಮೂವತ್ತು ವರ್ಷ ಮೊದಲೇ ಕುಲಪತಿಯಾಗಿರಲಿಲ್ಲವೇ, ಅಮೆರಿಕದವರನ್ನು ಏಕೆ ಹುಡುಕಿಕೊಂಡು ಹೋದಿರಿ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಹುದ್ದೆಯ ಹೆಸರಿನ ಬಗ್ಗೆ ನಾನು ಮೊದಲು ಕೇಳಿದ್ದ ಸಂದೇಹವೂ ಇದಕ್ಕೇ ಸೇರುತ್ತದೆ.

ಉತ್ತರ – ನಿವೃತ್ತ ಇತಿಹಾಸ ಪ್ರಾಧ್ಯಾಪಕ, ಮೈಸೂರು

ಸಹೋದ್ಯೋಗಿಯ ಮಾತು ನಿಜ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾದಾಗ ಹಂಸಾ ಮೆಹ್ತಾ ಅದರ ಮೊದಲ ಕುಲಪತಿಯಾದರು, 1958ರವರೆಗೆ ಮುಂದುವರಿದರು. ಲಲಿತಕಲೆ, ಗೃಹವಿಜ್ಞಾನ, ಸಮಾಜಕಾರ್ಯಗಳಿಗೆ ಅಲ್ಲಿ ಪ್ರತ್ಯೇಕ ನಿಕಾಯಗಳು ರೂಪುಗೊಂಡದ್ದು ಅವರ ಕಾಲದಲ್ಲಿ. ಸಂವಿಧಾನ ಸಭೆಯ ಸದಸ್ಯೆಯಾಗಿದ್ದ ಅವರೇ ವಿಶ್ವ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರೂ’ ಎಂಬರ್ಥದ ಮಾತಿನ ಬದಲು ‘ಎಲ್ಲ ಮಾನವರೂ’ ಎಂಬ ಮಾತು ಬರಲು ಕಾರಣರಾದವರು. ಇನ್ನೂ ಹಿಂದೆ ಹೋದರೆ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ 1920ರಲ್ಲಿ ಭೋಪಾಲದ ಬೇಗಂ ಸುಲ್ತಾನ್ ಜಹಾನ್ ಕುಲಾಧಿಪತಿಯಾಗಿದ್ದರು.

ಆದರೆ ಈ ಮೂವರು ಏರಿದ ಮೆಟ್ಟಿಲುಗಳು ಬೇರೆ ಬೇರೆ. ಬೇಗಂ ಅವರದು ರಾಜ್ಯವಾಳಿದವರ ಗೌರವದ ಸ್ಥಾನ. ಬರೋಡಾದ ದಿವಾನರಾಗಿದ್ದವರ ಮಗಳಾದ ಮೆಹ್ತಾ ಸ್ವಾತಂತ್ರ್ಯ ಚಳವಳಿಯಲ್ಲಿ, ಮಹಿಳಾ ಸಂಘಟನೆಗಳಲ್ಲಿ ಬೆಳೆದು ಬಂದವರು. ಹೊಸ ದೇಶದ ಹೊಸ ವಿಶ್ವವಿದ್ಯಾಲಯವನ್ನು ಬುನಾದಿಯಿಂದ ಕಟ್ಟುವ ಕೆಲಸ ಅವರದಾಗಿತ್ತು. ಗ್ರೇ ಮಾತ್ರ ಸಹಾಯಕ ಪ್ರಾಧ್ಯಾಪಕಿಯಿಂದ ಹಿಡಿದು ಡೀನ್, ಪ್ರೊವೋಸ್ಟ್, ಹಂಗಾಮಿ ಅಧ್ಯಕ್ಷೆ ಎಂದು ಒಂದೊಂದೇ ಮೆಟ್ಟಿಲನ್ನು ಗಂಡಸರೇ ತುಂಬಿದ್ದ ಹಳೆಯ ಮನೆಗಳಲ್ಲಿ ಹತ್ತಿದವರು. ಸಮಯವಿದ್ದರೆ ಮೂವರನ್ನೂ ಅಕ್ಕಪಕ್ಕ ಇಡಿ, ಯಾರು ಮೊದಲು ಎಂಬ ಸ್ಪರ್ಧೆಗೆ ಬಿಡಬೇಡಿ.

ಹುದ್ದೆಯ ಹೆಸರಿಗೆ ಬರುತ್ತೇನೆ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಪಾಲರು ಕುಲಾಧಿಪತಿಗಳು, ಅವರು ನೇಮಿಸುವ ಕುಲಪತಿಯ ಅವಧಿ 4 ವರ್ಷ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯದ ಅಧ್ಯಕ್ಷರನ್ನು ಟ್ರಸ್ಟಿಗಳ ಮಂಡಳಿ ಆರಿಸುತ್ತದೆ. ಸರ್ಕಾರಕ್ಕೆ ಅದರಲ್ಲಿ ಕೈಯಿಲ್ಲ. ಹಣ ತರುವ, ಖರ್ಚು ಮಾಡುವ, ಆಸ್ಪತ್ರೆಯಿಂದ ಹಿಡಿದು ವಿದ್ಯಾರ್ಥಿನಿಲಯದವರೆಗಿನ ಎಲ್ಲದರ ಹೊಣೆ ಅವರ ಮೇಲೆ. ಗ್ರೇ ಅವರಿಗೆ ಸಿಕ್ಕ 15 ವರ್ಷಗಳ ಅವಧಿಯನ್ನು ನಮ್ಮ ಕುಲಪತಿಗಳ 4 ವರ್ಷಕ್ಕೆ ಹೋಲಿಸಿದರೆ, 1982ರ ವರದಿಯನ್ನು ಪದ್ಧತಿಯಾಗಿ ಬೇರೂರಿಸಲು ಅವರಿಗೆ ಹೇಗೆ ಸಾಧ್ಯವಾಯಿತು ಎಂಬುದೂ ತಿಳಿಯುತ್ತದೆ, ಮುಚ್ಚಿದ ವಿಭಾಗಗಳ ಹೊಣೆಯನ್ನು ಅವರು ಹಿಂದಿನವರ ಮೇಲೆ ಹಾಕಲಾಗದು ಎಂಬುದೂ ತಿಳಿಯುತ್ತದೆ. ಆದ್ದರಿಂದ ಅವರನ್ನು ಅಧ್ಯಕ್ಷೆ ಎಂದೇ ಕರೆಯಿರಿ. ಹಂಸಾ ಮೆಹ್ತಾ ಅವರನ್ನು ಕುಲಪತಿ ಎನ್ನಿ. ಆ ಪದಕ್ಕೆ ಸ್ತ್ರೀಲಿಂಗದ ರೂಪ ನಮ್ಮಲ್ಲಿ ಬಳಕೆಗೆ ಬಂದಿಲ್ಲ. ಹೆಂಗಸರನ್ನೂ ಹಾಗೆಯೇ ಕರೆಯುತ್ತೇವೆ.

ಉತ್ತರ – ಶಿವಮೊಗ್ಗ

ಬೆಂಗಳೂರಿನ ಮೇಡಂ ಅವರ ಆಕ್ಷೇಪವನ್ನು ಒಪ್ಪಿಕೊಂಡು ಒಂದೆರಡು ವಿವರ ಸೇರಿಸುತ್ತೇನೆ. ಗ್ರೇ ಅವರಿಗೆ 1986ರಲ್ಲಿ, ವಲಸೆ ಬಂದು ಪೌರರಾದ ಹನ್ನೆರಡು ಮಂದಿಗೆ ಕೊಟ್ಟ ಸ್ವಾತಂತ್ರ್ಯ ಪದಕವೂ, 1991ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ರಾಷ್ಟ್ರಾಧ್ಯಕ್ಷರ ಪದಕವೂ ಸಂದವು. ಅಧಿಕಾರ ಬಿಟ್ಟ ಮೇಲೆ ಅವರು ಅದೇ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಹಿಂದಿರುಗಿ ಪಾಠ ಮಾಡಿದರು, 2018ರಲ್ಲಿ ಆತ್ಮಕಥನ ಪ್ರಕಟಿಸಿದರು. ಅವರು ಅಧಿಕಾರ ಬಿಟ್ಟ ನಂತರದ ವರ್ಷಗಳಲ್ಲಿ ಬೇರೆ ವಿಶ್ವವಿದ್ಯಾಲಯಗಳೂ, ಅಂದರೆ ಪೆನ್ಸಿಲ್ವೇನಿಯ 1994ರಲ್ಲಿ, ಪ್ರಿನ್ಸ್‌ಟನ್ ಮತ್ತು ಬ್ರೌನ್ 2001ರಲ್ಲಿ, ಹಾರ್ವರ್ಡ್ 2007ರಲ್ಲಿ ಮಹಿಳೆಯರನ್ನು ಅಧ್ಯಕ್ಷರನ್ನಾಗಿ ಪಡೆದವು. ಶಿಕಾಗೋದಲ್ಲಿ ಅವರ ನಂತರ ನಾಲ್ವರು ಅಧ್ಯಕ್ಷರಾಗಿದ್ದಾರೆ. ಆ ನಾಲ್ವರೂ ಗಂಡಸರು. ನಿಮ್ಮ ವಿದ್ಯಾರ್ಥಿನಿಯರು ಇದನ್ನು ಖಂಡಿತ ಕೇಳುತ್ತಾರೆ, ಆದ್ದರಿಂದ ಕೇಳುವ ಮೊದಲೇ ನೀವೇ ಹೇಳಿಬಿಡುವುದು ಒಳ್ಳೆಯದು.